ಡೈ ಮಾಡಿಸುವ ಮುಂಚೆ ಕಂಪ್ಯೂಟರ್‌ನಲ್ಲಿ ಒಂದ್ಸಲ ಒತ್ತಿ ನೋಡಿ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಲೋಹದ ಶೀಟ್ ಒತ್ತುವ ಪ್ರೆಸ್ ಶಾಪ್‌ಗಳಿಗೆ ಬರವಿಲ್ಲ. ಬೈಕು, ಲಾರಿ ಕಂಪನಿಗಳಿಗೆ ಬಿಡಿಭಾಗ ಒತ್ತಿಕೊಡುವುದೇ ಎಷ್ಟೋ ಜನರ ಹೊಟ್ಟೆಪಾಡು. ಟ್ರಯಲ್‌ನಲ್ಲಿ ಶೀಟ್ ಹರಿದ ಮೇಲೆ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ತಿದ್ದಲು ಕೂತರೆ ದುಡ್ಡೂ ಹೋಯ್ತು, ದಿನವೂ ಹೋಯ್ತು. ಅದೇ ಟ್ರಯಲ್ಲನ್ನು ಮೊದಲು ಕಂಪ್ಯೂಟರ್‌ನಲ್ಲಿ ತೆಗೆಯಬಹುದು, ಅದಕ್ಕೇ ಸಿಮ್ಯುಲೇಶನ್ ಅನ್ನುವುದು. ಅದಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಆಟೋಫಾರ್ಮ್, ಪ್ಯಾಮ್‌ಸ್ಟಾಂಪ್‌ಗೆ ಲೈಸೆನ್ಸ್ ಕೊಳ್ಳಬೇಕು. ಓಪನ್‌ರೇಡಿಯಾಸ್ 2022ರಿಂದ ಉಚಿತ. ಕಲಿಯಲು ತಾಳ್ಮೆ ಜಾಸ್ತಿ ಬೇಕು, ಅಷ್ಟೇ.

100 ಮಿ.ಮೀ. ವ್ಯಾಸ, 70 ಮಿ.ಮೀ. ಎತ್ತರದ ಒಂದು ಕಪ್ ಒತ್ತಬೇಕು ಅಂದುಕೊಳ್ಳಿ. ಶೀಟ್ 1 ಮಿ.ಮೀ. ದಪ್ಪ. ಮೊದಲು ಕ್ಯಾಲ್ಕುಲೇಟರ್ ಸಾಕು. ವ್ಯಾಸವನ್ನು ಎತ್ತರದಿಂದ ಗುಣಿಸಿ, ಅದರ ನಾಲ್ಕು ಪಟ್ಟನ್ನು ವ್ಯಾಸದ ವರ್ಗಕ್ಕೆ ಕೂಡಿಸಿ, ವರ್ಗಮೂಲ ತೆಗೆಯಿರಿ. ಬ್ಲ್ಯಾಂಕ್, ಅಂದರೆ ಒತ್ತುವ ಮುಂಚಿನ ದುಂಡನೆ ಶೀಟ್ ತುಂಡಿನ ವ್ಯಾಸ ಸುಮಾರು 195 ಮಿ.ಮೀ. ಬರುತ್ತದೆ, ಅಂದರೆ ಕಪ್ಪಿನ 1.95 ಪಟ್ಟು. ಡ್ರಾಯಿಂಗ್ ಗ್ರೇಡ್ (ಹೀಗೆ ಆಳಕ್ಕೆ ಎಳೆಯಲೆಂದೇ ಮಾಡಿದ) ಉಕ್ಕು ಒಂದೇ ಹೊಡೆತಕ್ಕೆ ತಾಳುವುದು ಹೆಚ್ಚುಕಡಿಮೆ ಎರಡು ಪಟ್ಟು. ಆಮೇಲೆ ಅಂಚು ಕತ್ತರಿಸಲು (ಟ್ರಿಮ್ಮಿಂಗ್) ಒಂದಿಷ್ಟು ಬಿಟ್ಟರೆ ಎರಡಕ್ಕೇ ಬಂತು, ಅಲ್ವಾ? ಇಂಥ ಕೆಲಸಕ್ಕೇ ಸಿಮ್ಯುಲೇಶನ್ ಬೇಕಾಗುವುದು.

ಈಗ ಶೀಟಿನ ಮಾಹಿತಿ. ಹೆಚ್ಚಿನವರು ಎಡವುವುದು ಇಲ್ಲೇ. ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಇರುವ ಯಾವುದೋ ಉಕ್ಕನ್ನು ಸುಮ್ನೆ ಆರಿಸಿಕೊಳ್ಳಬೇಡಿ. ನಿಮ್ಮ ಶೀಟ್ ಸುರುಳಿಯಿಂದಲೇ (ಕಾಯಿಲ್) ಪಟ್ಟಿ ಕತ್ತರಿಸಿ ಟೆನ್ಸೈಲ್ ಟೆಸ್ಟ್ (ಎಳೆದು ನೋಡುವ ಪರೀಕ್ಷೆ) ಮಾಡಿಸಿ. ಶೀಟನ್ನು ಉರುಳೆಗಳ ನಡುವೆ ಚಪ್ಪಟೆ ಮಾಡಿದ ದಿಕ್ಕಿಗೆ (ರೋಲಿಂಗ್ ದಿಕ್ಕು) 0, 45, 90 ಡಿಗ್ರಿ, ಮೂರೂ ಬೇಕು. ಶೀಟ್ ಎಲ್ಲ ದಿಕ್ಕಿಗೂ ಒಂದೇ ಥರ ಹಿಗ್ಗುವುದಿಲ್ಲ. ಒತ್ತಿದ ಕಪ್ಪಿನ ಬಾಯಿ ಕಿವಿ ಕಿವಿಯಾಗಿ ಏಳುವುದು ಅದಕ್ಕೇ. ಲ್ಯಾಬ್ ಖರ್ಚು ಉಳಿಸಲು ಹೋದರೆ ಪರದೆಯ ಮೇಲಿನ ಬಣ್ಣದ ಚಿತ್ರಕ್ಕೆ ಬೆಲೆಯೇ ಇಲ್ಲ.

ಡೈ ಮತ್ತು ಶೀಟನ್ನು ಅದರೊಳಗೆ ತಳ್ಳುವ ಪಂಚ್, ಇವುಗಳ ದುಂಡು ಮೂಲೆಯಲ್ಲಿ ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಒಡೆದ ತುಂಡುಗಳ ಬಲೆ) ಸಣ್ಣದಿರಲಿ. ಎಣ್ಣೆ ಸವರಿದ ಶೀಟಿಗೆ ಘರ್ಷಣೆಯ ಅಂಕಿ 0.1ರಿಂದ 0.15ರ ನಡುವೆ ಇಡಿ. ಶೀಟಿನ ಅಂಚನ್ನು ಅದುಮಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್ ಒತ್ತಡ ಚದರ ಮಿ.ಮೀ.ಗೆ 2.5 ನ್ಯೂಟನ್ ಇಟ್ಟು ಶುರು ಮಾಡಿ. ನಮ್ಮ ಕಪ್ಪಿಗೆ ಅದು ಸುಮಾರು ಐದೂವರೆ ಟನ್ ಆಗುತ್ತದೆ.

ರನ್ ಮುಗಿದ ಮೇಲೆ ಎರಡು ಜಾಗ ನೋಡಿ. ಪಂಚ್ ಮೂತಿಯ ದುಂಡಿನ ಹತ್ತಿರ ಶೀಟ್ ತೆಳ್ಳಗಾಗಿ ಫಾರ್ಮಿಂಗ್ ಲಿಮಿಟ್ ಗೆರೆ (ಶೀಟ್ ಹರಿಯದೆ ಹಿಗ್ಗಬಲ್ಲ ಮಿತಿ) ದಾಟಿದ್ದರೆ ಅಲ್ಲಿ ಹರಿಯುತ್ತದೆ. ಹೋಲ್ಡರ್ ಬಲ ಇಳಿಸಿ. ಹೋಲ್ಡರ್ ಅಡಿಯ ಅಂಚಿನಲ್ಲಿ (ಫ್ಲ್ಯಾಂಜ್) ಸುಕ್ಕು ಕಂಡರೆ ಬಲ ಏರಿಸಿ. ಎರಡೂ ಒಟ್ಟಿಗೆ ಬಂದರೆ ಬಲದ ಆಟ ಸಾಕು. ಡೈ ಮೂಲೆಯ ದುಂಡು (ರೇಡಿಯಸ್) ಸ್ವಲ್ಪ ದೊಡ್ಡದು ಮಾಡಿ ನೋಡಿ, ಅದಕ್ಕೂ ಬಗ್ಗದಿದ್ದರೆ ಎರಡು ಹಂತದಲ್ಲಿ ಎಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯ್ತು ಅಂತ ದೇವರಿಗೇ ಗೊತ್ತು.

ಬ್ರ್ಯಾಕೆಟ್‌ನಂಥ ಬಾಗಿದ ಭಾಗವಾದರೆ ಸ್ಪ್ರಿಂಗ್‌ಬ್ಯಾಕ್ (ಒತ್ತಡ ಬಿಟ್ಟ ಮೇಲೆ ಶೀಟ್ ಹಿಂದಕ್ಕೆ ಜಿಗಿಯುವುದು) ಲೆಕ್ಕವನ್ನೂ ಹಾಕಿಸಿ. ಅಲ್ಯೂಮಿನಿಯಂಗೆ ಉಕ್ಕಿನ ಮೂರನೇ ಒಂದರಷ್ಟೇ ಬಿಗಿ, ಹಾಗಾಗಿ ಅದು ಜಾಸ್ತಿ ಹಿಂದಕ್ಕೆ ಜಿಗಿಯುತ್ತದೆ.

ಕೊನೆಗೆ ನಿಜವಾದ ಡೈಯಲ್ಲಿ ಮೊದಲ ಪೀಸ್ ಒತ್ತಿ, ಅಡ್ಡಕ್ಕೆ ಕತ್ತರಿಸಿ, ಪಂಚ್ ದುಂಡಿನಲ್ಲಿ ದಪ್ಪ ಅಳೆಯಿರಿ. ಕಂಪ್ಯೂಟರ್ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಮೊದಲು ಘರ್ಷಣೆಯ ಅಂಕಿಯನ್ನು ಅನುಮಾನಿಸಿ, ಆಮೇಲೆ ಕಾಯಿಲ್ ಬದಲಾಗಿದೆಯೇ ಅಂತ ಸ್ಟೋರ್‌ನಲ್ಲಿ ಕೇಳಿ.