ಮಿಕ್ಸಿ ನಿಂತಿತೇ? ಹೊಸದು ಕೊಳ್ಳುವ ಮುಂಚೆ ಅದನ್ನೊಮ್ಮೆ ಮಗುಚಿ ನೋಡಿ

ಹೋದ ಆಷಾಢದ ಒಂದು ಭಾನುವಾರ. ಕಾವಲಿ ಕಾದು ದೋಸೆಗೆ ಕಾಯುತ್ತಿತ್ತು, ಮಿಕ್ಸಿ ಕಾಯಿಚಟ್ನಿಯ ನಡುವೆ ಗಪ್ ಅಂತ ನಿಂತಿತು. ಹೊಗೆಯಿಲ್ಲ, ಚಟಪಟ ಇಲ್ಲ, ಸುಮ್ಮನೆ ನಿಂತಿತು. ನಮ್ಮವರು ಕೈಯಲ್ಲಿದ್ದ ಮೊಬೈಲಿನಲ್ಲೇ ಹೊಸ ಮಿಕ್ಸಿ ಹುಡುಕತೊಡಗಿದರು. "ಹತ್ತು ವರ್ಷ ಆಯ್ತಲ್ಲೇ ಮಾರಾಯ್ತಿ, ಇನ್ನೆಂತ ಬೇಕು ಅದರ ಹತ್ರ?" ಅಂದರು. ಅತ್ತೆ ಹಿತ್ತಲಿನ ಒರಳುಕಲ್ಲಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ನಾನು ಪ್ಲಗ್ ಕಿತ್ತೆ, ಜಾರ್ ಇಳಿಸಿದೆ, ಮಿಕ್ಸಿಯನ್ನು ಮಗುಚಿ ಹತ್ತು ನಿಮಿಷ ಹಾಗೇ ಬಿಟ್ಟೆ. ಆಮೇಲೆ ತಳದಲ್ಲಿದ್ದ ಪುಟ್ಟ ಕೆಂಪು ಗುಂಡಿ ಒತ್ತಿದೆ. ಚಟ್ನಿ ಮುಗಿಯಿತು.

ನಾನು ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅಪ್ಪ ಬಿಡುವಿದ್ದಾಗ ಊರವರ ರೇಡಿಯೋ ಬಿಚ್ಚುತ್ತಿದ್ದರು, ಸ್ಕ್ರೂಗಳನ್ನು ತೆಂಗಿನ ಗರಟೆಯಲ್ಲಿ ಹಾಕಿಟ್ಟುಕೊಳ್ಳುವುದು ನನ್ನ ಕೆಲಸ. ಆ ಚಟ ಬಿಟ್ಟಿಲ್ಲ, ಗರಟೆಯೂ ಬಿಟ್ಟಿಲ್ಲ. ಮನೆಯ ಎಲ್ಲ ಯಂತ್ರಗಳಲ್ಲಿ ನನಗೆ ಮಿಕ್ಸಿ ಅಂದರೆ ವಿಶೇಷ ಪ್ರೀತಿ, ಯಾಕೆಂದರೆ ಅದು ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುತ್ತದೆ. ಕೇಳಿಸಿಕೊಳ್ಳುವುದು ಗೊತ್ತಿದ್ದರೆ ಅರ್ಧ ರಿಪೇರಿ ಅಲ್ಲೇ ಆಯಿತು.

ಮೊದಲು ಒಂದು ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮಿಕ್ಸಿಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ನಮ್ಮವರಂಥ ಉತ್ಸಾಹಿಗಳಿದ್ದರೆ, "ನೋಡೋಣ ಈಗ" ಅಂತ ಸ್ವಿಚ್ ಹಾಕಿಬಿಡುತ್ತಾರೆ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಉದ್ದನೆಯ ಪ್ಲಸ್ ಸ್ಕ್ರೂಡ್ರೈವರ್ (ತಳದ ಸ್ಕ್ರೂಗಳು ಆಳದ ಗುಂಡಿಯಲ್ಲಿರುತ್ತವೆ, ಗಿಡ್ಡದು ಮುಟ್ಟುವುದಿಲ್ಲ), ಒಂದು ಮೈನಸ್, ಒಂದು ಕಟಿಂಗ್ ಪ್ಲೇಯರ್, ಹಳೆ ಹಲ್ಲುಜ್ಜುವ ಬ್ರಷ್, ಒಂದು ಗರಟೆ.

ಈಗ ಪರೀಕ್ಷೆ. ಜಾರ್ ಇಲ್ಲದೆ ಮಿಕ್ಸಿಯನ್ನು ಎರಡು ಸೆಕೆಂಡು ಓಡಿಸಿ. ಇಷ್ಟರಲ್ಲೇ ದೋಷ ಕೆಳಗಿದೆಯೋ ಜಾರಿನಲ್ಲಿದೆಯೋ ಗೊತ್ತಾಗುತ್ತದೆ. ಜಾರ್ ಕೂರಿಸದಿದ್ದರೆ ಓಡುವುದೇ ಇಲ್ಲ ಎನ್ನುವ ಮಾದರಿಗಳೂ ಇವೆ, ಅವಕ್ಕೆ ಖಾಲಿ ಜಾರ್ ಕೂರಿಸಿಯೇ ನೋಡಬೇಕು.

ಸದ್ದೇ ಇಲ್ಲದಿದ್ದರೆ ಮೊದಲು ಅದೇ ಸಾಕೆಟ್ಟಿಗೆ ಬೇರೇನಾದರೂ ಹಾಕಿ ನೋಡಿ. ನಗಬೇಡಿ, ಪಕ್ಕದ ಮನೆಯ ಶಾರದಕ್ಕ ಮೆಕ್ಯಾನಿಕ್‌ಗೆ ಫೋನ್ ಮಾಡಿದ ದಿನ ಹೋಗಿದ್ದದ್ದು ಗೋಡೆಯ ಸಾಕೆಟ್. ಅಲ್ಲಿ ಕರೆಂಟ್ ಇದ್ದರೆ, ಕೆಂಪು ಗುಂಡಿ. ಅದಕ್ಕೆ ಓವರ್‌ಲೋಡ್ ಪ್ರೊಟೆಕ್ಟರ್ ಅಂತ ಹೆಸರು. ಮೋಟರು ಮಿತಿ ಮೀರಿ ಕರೆಂಟ್ ಎಳೆದಾಗ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತದೆ. ತಣ್ಣಗಾಗುವ ಮುಂಚೆ ಒತ್ತಿದರೆ ಅದು ಕೂರುವುದಿಲ್ಲ, ಜನ "ಇದೂ ಹಾಳಾಗಿದೆ" ಅಂತ ಬಿಟ್ಟುಬಿಡುತ್ತಾರೆ. ಹತ್ತು ನಿಮಿಷ ಕಾಯಿರಿ, ಟಕ್ ಅನ್ನುವವರೆಗೆ ಒತ್ತಿ, ಸಾಕು.

ಈ ಗುಂಡಿಯ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಇಷ್ಟು ಒಳ್ಳೆಯ ಏರ್ಪಾಡನ್ನು ತಳದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಇಟ್ಟವರಿಗೆ ಏನನ್ನಬೇಕು? ಮುಂದುಗಡೆ ನಾಬ್ ಪಕ್ಕದಲ್ಲಿ ಜಾಗವಿಲ್ಲವೇ? ಅಲ್ಲಿ ನೀಲಿ ದೀಪ ಹಾಕುತ್ತಾರೆ, ಹೂವಿನ ಚಿತ್ರ ಅಂಟಿಸುತ್ತಾರೆ. ಗುಂಡಿ ಇರುವುದೇ ಗೊತ್ತಿಲ್ಲದೆ ಗುಜರಿಗೆ ಹೋದ ಒಳ್ಳೆಯ ಮಿಕ್ಸಿಗಳನ್ನು ನಾನೇ ಎರಡು ಸಲ ವಾಪಸ್ ತಂದಿದ್ದೇನೆ.

ಗುಂಡಿ ಒತ್ತಿ ಓಡಿತು ಅಂತ ಮುಗಿಸಬೇಡಿ, ಯಾಕೆ ಹಾರಿತು ಅಂತ ಕೇಳಿ. ನಮ್ಮನೆಯದು ಪತ್ತೆಯಾಗಲು ಒಂದು ವಾರ ಹಿಡಿಯಿತು. ಬೆಳಗ್ಗೆ ಮೊಮ್ಮಗಳಿಗೆ ಎಚ್ಚರವಾಗಬಾರದೆಂದು ಅತ್ತೆ ಮಿಕ್ಸಿಯ ಅಡಿಗೆ ಟವೆಲ್ ಮಡಚಿ ಇಡುತ್ತಿದ್ದರು. ಸದ್ದೇನೋ ತಗ್ಗಿತು, ಆದರೆ ಮೋಟರಿನ ಕೆಳಗೊಂದು ಪುಟ್ಟ ಫ್ಯಾನಿದೆ, ಅದು ಗಾಳಿ ಆಡಿಸಿ ಮೋಟರನ್ನು ತಣಿಸುವುದು ತಳದ ಕಂಡಿಗಳ ಮೂಲಕ. ಟವೆಲ್ ಇಟ್ಟರೆ ಮೂಗು ಮುಚ್ಚಿದ ಹಾಗೆ. ರಬ್ಬರ್ ಕಾಲುಗಳು ಇರುವುದು ಬರೀ ಜಾರದಿರಲಿ ಅಂತಲ್ಲ, ಆ ಒಂದು ಬೆರಳಿನ ಸಂದಿಗಾಗಿ. ಒಂದು ಕಾಲು ಉದುರಿದ್ದರೂ ತಕ್ಷಣ ಹಾಕಿಸಿ. ಜೊತೆಗೆ ನಮ್ಮನೆ ಚಟ್ನಿ ಗಟ್ಟಿ, ನೀರು ಹಾಕಲು ಎಲ್ಲರಿಗೂ ಜಿಪುಣತನ. ತಳದ ಚೀಟಿಯನ್ನೂ ಓದಿ. ನಮ್ಮದರಲ್ಲಿ 5 ನಿಮಿಷ ಓಡಿಸಿ 2 ನಿಮಿಷ ಬಿಡಿ ಎಂಬರ್ಥದ ಸಾಲಿದೆ, ಹತ್ತು ವರ್ಷದಲ್ಲಿ ಅದನ್ನು ಓದಿದವಳು ನಾನೊಬ್ಬಳೇ.

ಎರಡನೆಯ ಕಾಯಿಲೆ, ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಆ ಸದ್ದು ಕೇಳಿದ ಕೂಡಲೇ ಆಫ್ ಮಾಡಿ. "ಇನ್ನೊಂಚೂರು ನೋಡೋಣ, ಬಿಟ್ಟುಕೊಳ್ಳಬಹುದು" ಅನ್ನುವ ಆಸೆಯಲ್ಲಿ ಮೋಟರಿನ ತಂತಿಸುರುಳಿ, ಅಂದರೆ ವೈಂಡಿಂಗ್, ಸುಡುತ್ತದೆ. ಜಾರ್ ಎತ್ತಿ, ಅದರ ಅಡಿಯ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ಮೋಟರು ನಿರಪರಾಧಿ. ಮೊನ್ನೆಯ ಹುಣಸೆ ಗೊಜ್ಜು ಬ್ಲೇಡಿನ ಬುಡಕ್ಕೆ ಇಳಿದು ಒಣಗಿ ಕೂತಿದೆ, ಅಷ್ಟೇ. ಬಿಸಿನೀರು ಹಾಕಿ ಅರ್ಧ ಗಂಟೆ ಬಿಡಿ, ಆಗಾಗ ಚಕ್ರ ಆಡಿಸಿ. ಬ್ಲೇಡನ್ನೇ ಹಿಡಿದು ತಿರುಗಿಸುವ ಧೈರ್ಯ ಬೇಡ, ಹಿಡಿಯಲೇಬೇಕಾದರೆ ದಪ್ಪ ಬಟ್ಟೆ ಸುತ್ತಿ.

ಮೂರನೆಯದು ನನಗೆ ಬಹಳ ಇಷ್ಟದ ಕಾಯಿಲೆ. ಮೋಟರು ಜೋರಾಗಿ ಓಡುತ್ತದೆ, ಕರಕರ ಸದ್ದು, ರಬ್ಬರ್ ಸುಟ್ಟ ವಾಸನೆ, ಜಾರಿನಲ್ಲಿದ್ದದ್ದು ಅಲುಗಾಡುವುದಿಲ್ಲ. ಅಂದರೆ ಕಪ್ಲರ್ ಸವೆದಿದೆ. ಮಿಕ್ಸಿಯ ತಲೆಯ ಮೇಲೆ ಹೂವಿನ ಹಾಗೆ ಹಲ್ಲುಗಳಿರುವ ಕರಿ ತುಂಡು ಇದೆಯಲ್ಲ, ಅದು. "ಇಷ್ಟು ದುಡ್ಡು ಕೊಟ್ಟಿದ್ದೇವೆ, ಇದನ್ನಾದರೂ ಕಬ್ಬಿಣದಲ್ಲಿ ಮಾಡಬಾರದಿತ್ತೇ?" ಅಂತ ಎಲ್ಲರೂ ಬೈಯುವುದು ಇದಕ್ಕೇ. ನನ್ನ ಲೆಕ್ಕದಲ್ಲಿ ಇಡೀ ಮಿಕ್ಸಿಯಲ್ಲಿ ಬುದ್ಧಿ ಖರ್ಚು ಮಾಡಿ ಮಾಡಿದ ಭಾಗ ಇದೊಂದೇ. ಹೋದ ಸಂಕ್ರಾಂತಿ ಹೊತ್ತಿಗೆ ಅತ್ತೆ ಒಣ ಅರಿಶಿನದ ಕೊಂಬನ್ನು ಜಜ್ಜದೆ ಇಡಿಯಾಗಿ ಜಾರಿಗೆ ಹಾಕಿದರು. ಕೊಂಬು ಬ್ಲೇಡಿಗೆ ಸಿಕ್ಕಿ ಕಚ್ಚಿಕೊಂಡಿತು. ನಿಮಿಷಕ್ಕೆ ಸಾವಿರಾರು ಸುತ್ತು ಹೊಡೆಯುವ ಮೋಟರಿನ ಎದುರು ಹಠಾತ್ತಾಗಿ ಬಂಡೆ ಬಂದ ಹಾಗೆ. ಕಪ್ಲರ್ ಕಬ್ಬಿಣದ್ದಾಗಿದ್ದರೆ ಆ ಏಟು ಶಾಫ್ಟಿಗೋ (ಮೋಟರಿನ ನಡುವೆ ತಿರುಗುವ ಕಂಬಿ) ವೈಂಡಿಂಗಿಗೋ ಬೀಳಬೇಕಿತ್ತು. ಬದಲಿಗೆ ನಾಲ್ಕು ಹಲ್ಲು ಮುರಿದವು, ಮೋಟರು ಉಳಿಯಿತು. ಹೊಸ ಕಪ್ಲರಿಗೆ ನಾನು ಕೊಟ್ಟದ್ದು 60 ರೂಪಾಯಿ.

ಅದನ್ನು ಬಿಚ್ಚುವುದರಲ್ಲೇ ಇರುವುದು ಗುಟ್ಟು. ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಅಂತ ಕೈಗೆ ರೂಢಿಯಾಗಿರುತ್ತದಲ್ಲ, ಇಲ್ಲಿ ಆ ರೂಢಿ ಕೈಕೊಡಬಹುದು. ಕಪ್ಲರಿನ ಮರೆಯನ್ನು (ಸ್ಕ್ರೂವಿನಲ್ಲಿರುವಂಥ ಸುತ್ತುಗೆರೆ, ಥ್ರೆಡ್) ಮಾಡಿರುವುದು ಮಿಕ್ಸಿ ಓಡಿದಷ್ಟೂ ತಾನೇ ಬಿಗಿಯಾಗುವ ಹಾಗೆ. ಸೈಕಲ್ಲಿನ ಎಡ ಪೆಡಲಿಗೆ ಉಲ್ಟಾ ಮರೆ ಇರುವುದೂ ತುಳಿಯುವಾಗ ಕಳಚದಿರಲಿ ಎಂದೇ. ಹಾಗಾಗಿ ಮಿಕ್ಸಿ ಯಾವ ಕಡೆ ತಿರುಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಒಂದು ಕ್ಷಣ ಓಡಿಸಿ ಆಫ್ ಮಾಡಿ, ನಿಲ್ಲುವ ಹೊತ್ತಿಗೆ ದಿಕ್ಕು ಚೆನ್ನಾಗಿ ಕಾಣುತ್ತದೆ. ಶಾಫ್ಟನ್ನು ಅಲುಗಾಡದಂತೆ ಹಿಡಿದು, ಕಪ್ಲರನ್ನು ಆ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಅರ್ಧ ಗಂಟೆ ಅದನ್ನು ಬಿಗಿ ಮಾಡುತ್ತಲೇ ಕೂತಿದ್ದೆ, ಬೆವರು ಒರೆಸಿಕೊಳ್ಳುತ್ತಾ.

ಶಾಫ್ಟ್ ಹಿಡಿಯುವುದು ಹೇಗೆ? ತಳದ ತಟ್ಟೆ ಬಿಚ್ಚಿ ನೋಡಿ, ಕೆಲವು ಮಾದರಿಗಳಲ್ಲಿ ಶಾಫ್ಟಿನ ಕೆಳತುದಿಯಲ್ಲಿ ಮೈನಸ್ ಸ್ಕ್ರೂಡ್ರೈವರಿಗೆಂದೇ ಸೀಳು ಕೊಟ್ಟಿರುತ್ತಾರೆ. ಹಾಗೆ ಮಾಡಿದ ಡಿಸೈನರ್ ಯಾರೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ. ಸೀಳು ಇಲ್ಲದಿದ್ದರೆ ಇನ್ನೊಬ್ಬರು ಬಟ್ಟೆ ಸುತ್ತಿ ಶಾಫ್ಟನ್ನು ಪ್ಲೇಯರಿನಲ್ಲಿ ಹಿಡಿಯಬೇಕು. ಕೆಳಗಿನ ಪ್ಲಾಸ್ಟಿಕ್ ಫ್ಯಾನನ್ನು ಮಾತ್ರ ಹಿಡಿಯಬೇಡಿ, ಎಲೆ ಮುರಿಯುತ್ತದೆ. ಕಪ್ಲರ್ ಜಪ್ಪಯ್ಯ ಅಂದರೂ ಬರದಿದ್ದರೆ ಬುಡಕ್ಕೆ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿ, ಬೆಳಗ್ಗೆ ಮೆಲ್ಲಗೆ ನಾಲ್ಕು ಕಡೆ ತಟ್ಟಿ ತಿರುಗಿಸಿ. ಹೊಸದು ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗಿ. ಹಲ್ಲಿನ ಲೆಕ್ಕ, ಎತ್ತರ, ಮರೆ ಎಲ್ಲ ಒಂದೊಂದು ಕಂಪನಿಯದು ಒಂದೊಂದು ಥರ. ಬಾಯಲ್ಲಿ ವರ್ಣಿಸಿ ತಂದವರು ಎರಡನೇ ಸಲ ಬಸ್ ಹತ್ತಿದ್ದಾರೆ. ಜಾರಿನ ಅಡಿಯ ಹಲ್ಲನ್ನೂ ನೋಡಿ, ಅದು ಸವೆದಿದ್ದರೆ ಹೊಸ ಕಪ್ಲರನ್ನೂ ತಿಂಗಳಲ್ಲಿ ತಿಂದುಹಾಕುತ್ತದೆ.

ನಾಲ್ಕನೆಯದು ಕಿಡಿ. ಕತ್ತಲೆಯಲ್ಲಿ ಕಂಡಿಯೊಳಗೆ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ, ಅದು ಇರುವುದೇ ಹಾಗೆ. ಮಿಕ್ಸಿಯದು ಯೂನಿವರ್ಸಲ್ ಮೋಟರು, ಡ್ರಿಲ್ ಮೆಷಿನ್ನಿನಲ್ಲಿ ಇರುವ ಜಾತಿಯದೇ. ತಿರುಗುವ ಭಾಗಕ್ಕೆ ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಬಲದಲ್ಲಿ ಒತ್ತಿಕೊಂಡು ಕರೆಂಟ್ ಕೊಡುತ್ತವೆ, ಸೀಮೆಸುಣ್ಣದ ಹಾಗೆ ಸವೆಯುತ್ತವೆ. ಮಿಕ್ಸಿ ಒಮ್ಮೆ ಓಡುತ್ತದೆ ಒಮ್ಮೆ ಇಲ್ಲ, ತಟ್ಟಿದರೆ ಶುರುವಾಗುತ್ತದೆ, ಕಿಡಿ ದೊಡ್ಡದಾಗಿದೆ ಎಂದರೆ ಕಾರ್ಬನ್ ಮುಗಿದಿದೆ. ತಳ ಬಿಚ್ಚಿ, ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಮೋಟರಿನ ಎದುರುಬದುರಿಗಿರುವ ಎರಡೂ ತುಂಡು ತೆಗೆಯಿರಿ. ಒಂದು ಚೆನ್ನಾಗಿದ್ದರೂ ಜೋಡಿಯನ್ನೇ ಬದಲಿಸಿ. ಅವು ಒರಸುವ ತಾಮ್ರದ ಸುತ್ತು ಕಪ್ಪಾಗಿದ್ದರೆ ನಯವಾದ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ ಪುಡಿ ಊದಿಬಿಡಿ. ಲೋಹ ಉಜ್ಜುವ ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕೂತರೆ ಕರೆಂಟ್ ಹರಿದು ಶಾರ್ಟ್ ಆಗಬಹುದು. ಹೊಸ ಕಾರ್ಬನ್ ಹಾಕಿದ ಮೇಲೆ ಮೊದಲ ಸ್ಪೀಡಿನಲ್ಲಿ ಖಾಲಿಯಾಗಿ ಒಂದೆರಡು ನಿಮಿಷ ಓಡಿಸಿ, ತುದಿ ಸುತ್ತಿನ ಆಕಾರಕ್ಕೆ ಸವೆದು ಕೂರಲಿ. ಇಷ್ಟಾದ ಮೇಲೂ ಸುತ್ತಲೂ ಬೆಂಕಿಯ ಬಳೆ ತೊಡಿಸಿದ ಹಾಗೆ ಕಿಡಿ ಬಂದರೆ ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಹೋಗಿದೆ. ಅದು ಅಂಗಡಿಯ ಕೆಲಸ. ತಂತಿ ಹೊಸದಾಗಿ ಸುತ್ತಿಕೊಡಲು (ರಿವೈಂಡಿಂಗ್) ಹೊಸ ಮಿಕ್ಸಿಯ ಅರ್ಧಕ್ಕಿಂತ ಹೆಚ್ಚು ಕೇಳಿದರೆ ನಾನೂ ಕೈಚೆಲ್ಲುತ್ತೇನೆ.

ಒಳಗೆ ತೆರೆದಾಗ ಜಿರಳೆ ಸಿಗುತ್ತದೆ, ಸಿದ್ಧವಾಗಿರಿ. ಮಳೆಗಾಲದಲ್ಲಿ ಅವಕ್ಕೆ ಇದಕ್ಕಿಂತ ಬೆಚ್ಚನೆಯ ಮನೆ ಇಲ್ಲ. ಹಲ್ಲುಜ್ಜುವ ಬ್ರಷ್ ತಂದದ್ದು ಅದಕ್ಕೇ.

ಒಂದನೇ ಸ್ಪೀಡಿನಲ್ಲಿ ಓಡದೆ ಮೂರರಲ್ಲಿ ಓಡಿದರೆ ಬಹುಮಟ್ಟಿಗೆ ಮೋಟರು ಸರಿಯಿರುತ್ತದೆ, ನಾಬ್ ಸ್ವಿಚ್ಚೋ ಅದರ ಒಂದು ವೈರೋ ಕೈಕೊಟ್ಟಿರುತ್ತದೆ. ಸ್ವಿಚ್ ಬಿಡಿಯಾಗಿ ಸಿಗುತ್ತದೆ. ಈಗ ಟಚ್ ಬಟನ್ನಿನ ಮಿಕ್ಸಿಗಳು ಬಂದಿವೆ. ಹಿಟ್ಟಿನ ಕೈ, ಒದ್ದೆ ಕೈ, ಕಣ್ಣು ಒಲೆಯ ಕಡೆ, ಇದು ಅಡುಗೆಮನೆ. ಇಲ್ಲಿ ಕಣ್ಣು ಮುಚ್ಚಿದರೂ ಕೈಗೆ ಸಿಗುವ, ಟಕ ಟಕ ಅಂತ ಎಣಿಸಿಕೊಂಡು ತಿರುಗುವ ನಾಬಿಗಿಂತ ಒಳ್ಳೆಯದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಟಚ್ ಹಾಳಾದರೆ ಒಳಗಿನ ಸರ್ಕ್ಯೂಟ್ ಬೋರ್ಡನ್ನೇ ಬದಲಿಸಬೇಕು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ, ಅಂದರೆ ಕೊಂಡ ವಸ್ತು ಕೆಟ್ಟರೆ ಎಸೆಯದೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ, ಸಮಿತಿ ಮಾಡಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಈ ಬೋರ್ಡುಗಳೇ.

ಅಂದಹಾಗೆ, ನಮ್ಮ ಮಿಕ್ಸಿ ವಿದೇಶದ ನಕಲಲ್ಲ. ಹೊರದೇಶದ ಮಿಕ್ಸರ್‌ಗಳು ನಮ್ಮ ಒಣ ಮಸಾಲೆಯ ಮುಂದೆ ಸೋಲುತ್ತಿದ್ದ ಕಾಲದಲ್ಲಿ, 1963ರಲ್ಲಿ, ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಮುಂಬಯಿಯಲ್ಲಿ ಸುಮೀತ್ ಎಂಬ ಮಿಕ್ಸಿ ಶುರುಮಾಡಿದರು. ಅಮ್ಮನ ಬಳಿ ಇದ್ದದ್ದೂ ಅದೇ. ಅಪ್ಪ ಅದನ್ನು ಎಷ್ಟು ಸಲ ಬಿಚ್ಚಿದ್ದರೆಂದರೆ ಸ್ಕ್ರೂಗಳ ತಲೆ ಸವೆದುಹೋಗಿತ್ತು.

ಉಳಿದದ್ದು ಜಾರ್ ಸೋರುವುದು. ಅಡಿಯಿಂದ ಕಪ್ಪು ನೀರು ಇಳಿದರೆ ಬ್ಲೇಡಿನ ಕಂಬಿಯನ್ನು ಹಿಡಿದಿರುವ ಬಳೆಯಂಥ ಬುಷ್ಷೋ, ಸೋರದಂತೆ ತಡೆಯುವ ವಾಶರ್ರೋ ಹೋಗಿದೆ. ಇದನ್ನು ನಾನು ಮನೆಯಲ್ಲಿ ಮಾಡುವುದಿಲ್ಲ, ಬುಷ್ ಓರೆಯಾಗಿ ಕೂತರೆ ಬ್ಲೇಡ್ ಅದುರುತ್ತದೆ. ಪೇಟೆಯ ಪಾತ್ರೆ ಅಂಗಡಿಯ ಪಕ್ಕ ಕೂರುವವರು ಕಾಲು ಗಂಟೆಯಲ್ಲಿ ಮಾಡಿಕೊಡುತ್ತಾರೆ. ತಡಮಾಡಬೇಡಿ, ಸೋರಿದ ನೀರು ನೇರ ಮೋಟರಿಗೇ ಇಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಗರಟೆ ನೋಡಿ, ಸ್ಕ್ರೂ ಉಳಿದಿದ್ದರೆ ಮತ್ತೆ ಬಿಚ್ಚಿ. ಆಮೇಲೆ ಜಾರಿಗೆ ಅರ್ಧ ನೀರು ಹಾಕಿ ಒಂದು, ಎರಡು, ಮೂರು ಅಂತ ಓಡಿಸಿ, ಕಿವಿಗೊಟ್ಟು ಕೇಳಿ. ನಮ್ಮ ಮಿಕ್ಸಿಯ ನಾಬಿನ ಪಕ್ಕದಲ್ಲಿ ಈಗ ಮಗಳು ಬಾಣ ಬರೆದು ಅಂಟಿಸಿದ ಚೀಟಿಯಿದೆ: "ಕೆಂಪು ಗುಂಡಿ ಕೆಳಗಿದೆ. ಅಜ್ಜೀ, ಟವೆಲ್ ಬೇಡ."

ಅತ್ತೆ ಟವೆಲ್ ಬಿಟ್ಟಿದ್ದಾರೆ. ಈಗ ಅದರ ಬದಲು ಮೊಮ್ಮಗಳ ಕೋಣೆಯ ಬಾಗಿಲು ಹಾಕಿ ಬರುತ್ತಾರೆ.