ಬಾಕಿ ಪುಸ್ತಕದಲ್ಲಿ ಸಿಕ್ಕಿದ ಮುತ್ತಜ್ಜ

ಗೇಣಿದಾರರ ಮನೆಯ ವಂಶಾವಳಿಯನ್ನು ಅಜ್ಜನಿಂದ ಆಚೆಗೆ ಬರೆಯಲು ಆಗುವುದಿಲ್ಲ ಎಂದು ನಮ್ಮ ಸಾಗರದ ಕಡೆ ಎಲ್ಲರೂ ನಂಬಿದ್ದಾರೆ. ಭೂಮಿ ಇದ್ದವರಿಗೆ ದಾಖಲೆ ಇರುತ್ತದೆ, ಮಠದ ಶಿಷ್ಯರಿಗೆ ಕಡತ ಇರುತ್ತದೆ, ನಮಗೇನಿದೆ? "ಹೆಬ್ಬೆಟ್ಟು ಒತ್ತಿದವರ ಹೆಸರನ್ನು ಯಾರು ಬರೆದಿಡುತ್ತಾರೆ ಮಾರಾಯ?" ಎಂದು ಚಿಕ್ಕಪ್ಪ ಕೇಳಿದ್ದರು. ಭಾವನವರು ಕೇಳಲೂ ಇಲ್ಲ, ನಕ್ಕರು. ಈಗ ನನ್ನನ್ನೂ ಸೇರಿಸಿ ಆರು ತಲೆಯ ಹೆಸರು ನನ್ನ ಬಳಿ ಇದೆ. ಬಾಯಿಮಾತಿನದಲ್ಲ, ಒಂದೊಂದಕ್ಕೂ ಕಾಗದ ತೋರಿಸಬಲ್ಲೆ. ಸಾಗರ ತಾಲ್ಲೂಕಿನಲ್ಲಿ ಗೇಣಿದಾರರ ಪೈಕಿ ಇಷ್ಟು ಹಿಂದಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ.

ಎಲ್ಲರಂತೆ ನಾನೂ ಪಹಣಿಯಿಂದಲೇ ಹೊರಟೆ. ಗಣಕೀಕೃತ ಪಹಣಿ 2000ದ ಆಚೀಚೆಗೆ ನಿಲ್ಲುತ್ತದೆ; ಅದರ ಹಿಂದಿನದಕ್ಕೆ ನನಗೆ ರೆಕಾರ್ಡ್ ರೂಮಿನ ಕೈಬರಹದ ಪುಸ್ತಕಗಳೇ ಗತಿಯಾಗಿದ್ದವು. ಒಂಬತ್ತನೆಯ ಕಾಲಂ ಓದುತ್ತ ಕುಳಿತರೆ ಜಮೀನಿನ ಒಡೆಯರ ವಂಶ ಸಿಗುತ್ತದೆ, ನಮ್ಮದಲ್ಲ. ನಮ್ಮಂಥವರು ನೋಡಬೇಕಾದದ್ದು ಹನ್ನೆರಡನೆಯ ಕಾಲಂ, ಅಂದರೆ ಸಾಗುವಳಿ ಮಾಡುವವನ ಹೆಸರು. ಅಷ್ಟು ಗೊತ್ತಿದ್ದರೂ ನನಗೆ ಉಪಯೋಗವಾಗಲಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆ ಪಹಣಿಗಳು ಶುರುವಾಗುವ ಹೊತ್ತಿಗೆ ಅಜ್ಜನ ಗದ್ದೆ ನೀರಿನಡಿ ಇತ್ತು, ಅಜ್ಜ ಶಿವಮೊಗ್ಗ ತಾಲ್ಲೂಕಿನ ಕಾಡಿನಂಚಿನಲ್ಲಿ ಹೊಸದಾಗಿ ಗುಡಿಸಲು ಹಾಕುತ್ತಿದ್ದ. ಮುಳುಗಡೆಯ ಪರಿಹಾರದ ಪಟ್ಟಿ ತರಿಸಿದೆ. ಅದರಲ್ಲೂ ಒಡೆಯರ ಹೆಸರೇ.

ಮಾಹಿತಿ ಹಕ್ಕಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಒಂದು ಕಚೇರಿಯಿಂದ ಬಂದ ಉತ್ತರ ಒಂದೇ ಸಾಲಿನದು: ಕಡತ ಲಭ್ಯವಿಲ್ಲ. ಅದೇ ಕಡತವನ್ನು ಆಮೇಲೆ ಅದೇ ಕಚೇರಿಯಲ್ಲಿ ನನ್ನ ಕೈಯಾರೆ ಬಿಚ್ಚಿ ನೋಡಿದೆ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವಾರ ಆ ಬಾಗಿಲೂ ಮುಚ್ಚುತ್ತದೆ.

ನಡುವೆ ಕೆಲವು ಅಡ್ಡದಾರಿ ಹಿಡಿದೆ. ಎಂಜಲು ಕಳಿಸಿ ಮಾಡಿಸುವ ಡಿಎನ್‌ಎ ಪರೀಕ್ಷೆಗೆ ಎಂಟು ಸಾವಿರದ ಹತ್ತಿರ ಸುರಿದೆ. ನಾನು ದಕ್ಷಿಣ ಭಾರತದವನು ಎಂದು ತಿಳಿಯಿತು. ಹೆಳವರನ್ನು ಹುಡುಕಿಕೊಂಡು ಶಿಕಾರಿಪುರದ ಕಡೆ ಹೋದೆ. ಅವರು ಒಕ್ಕಲು ಹಿಡಿದ ಮನೆಗಳ ವಂಶವನ್ನು ಗಂಟೆಗಟ್ಟಲೆ ಹೇಳುತ್ತಾರೆ, ಕೇಳಿ ಬೆರಗಾದೆ. ಆದರೆ ನಮ್ಮ ಮನೆ ಅವರ ಒಕ್ಕಲಲ್ಲ. ಬಿ.ಎಲ್. ರೈಸ್ ಪ್ರಕಟಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟವನ್ನೂ ಬಿಡಲಿಲ್ಲ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಬರುವುದು ಅದರಲ್ಲೇ, 1904ರದು. ಊರುಗಳು ಸಿಗುತ್ತವೆ, ವೀರರು ಸಿಗುತ್ತಾರೆ, ಗದ್ದೆ ಉತ್ತವನು ಸಿಗುವುದಿಲ್ಲ. ಬರಗಾಲದ ಒಂದು ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಮಡೆನೂರು ಅಣೆಕಟ್ಟೆ ಮೇಲೆ ಕಂಡಾಗ ನಮ್ಮ ಊರಿನ ಅಡಿಪಾಯಗಳನ್ನೂ ನೋಡಿ ಬಂದೆ. ಸಾಲಾಗಿ ಯಾವ ಮನೆಯ ಪಕ್ಕ ಯಾವ ಮನೆ ಎಂದು ದೊಡ್ಡಮ್ಮನಿಂದ ಹೇಳಿಸಿ ಚಿತ್ರ ಬರೆದುಕೊಂಡದ್ದು ಮಾತ್ರ ಮುಂದೆ ಉಪಯೋಗಕ್ಕೆ ಬಂತು.

ದಾರಿ ತೆರೆದದ್ದು ಭೂ ನ್ಯಾಯಮಂಡಳಿಯ ಕಡತದಿಂದ. ಅಜ್ಜನ ತಮ್ಮನ ಗದ್ದೆ ದಂಡೆಯ ಮೇಲಿದ್ದುದರಿಂದ ಮುಳುಗಿರಲಿಲ್ಲ. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಅವನು ನಮೂನೆ 7, ಅಂದರೆ ಉಳುವ ಗದ್ದೆಯ ಹಕ್ಕು ಕೇಳುವ ಗೇಣಿದಾರನ ಅರ್ಜಿ, ಹಾಕಿದ್ದ. ಎಲ್ಲರೂ ಈ ಕಡತದ ಕೊನೆಯ ಆದೇಶದ ನಕಲು ಮಾತ್ರ ತೆಗೆದುಕೊಂಡು ಬರುತ್ತಾರೆ. ಆದೇಶದಲ್ಲಿ ಏನೂ ಇಲ್ಲ. ಒಳಗಿನ ಹೇಳಿಕೆಗಳನ್ನು ಓದಬೇಕು. ಗೇಣಿ ಎಷ್ಟು ಹಳೆಯದು ಎಂದು ತೋರಿಸಬೇಕಿದ್ದರಿಂದ ಅವನು ತನ್ನ ತಂದೆ, ಅಜ್ಜ ಇಬ್ಬರ ಹೆಸರನ್ನೂ ಹೇಳಿ ಹೆಬ್ಬೆಟ್ಟು ಒತ್ತಿದ್ದಾನೆ. ಪಕ್ಕದ ಗದ್ದೆಯವನ ಸಾಕ್ಷಿಯಲ್ಲೂ ಅವೇ ಹೆಸರು. ಒಂದೇ ಕಡತದಲ್ಲಿ ಎರಡು ತಲೆ ಮೇಲಕ್ಕೆ ಹೋದೆ.

ಅಲ್ಲಿಂದಾಚೆಗೆ ಒಡೆಯರ ಮನೆಯ ಅಟ್ಟ. ಗೇಣಿದಾರರು ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬೇರು ಗೇಣಿ ಅಳೆಯುವ ಕೊಳಗದ ಜಗಳದಲ್ಲಿತ್ತು. ಗೇಣಿದಾರನ ಮೊಮ್ಮಗ ಇವತ್ತು ಲೆಕ್ಕದ ಪುಸ್ತಕ ಕೇಳಿದರೂ ಆ ಮನೆಗಳಲ್ಲಿ ಮುಖ ಬಿಗಿಯುತ್ತದೆ. ಜಮೀನಿನ ತಗಾದೆಗೆ ಬಂದಿದ್ದಾನೆ ಎಂಬ ಅನುಮಾನ. ಒಂದು ಮನೆಯಲ್ಲಿ ಕಾಫಿ ಕೊಟ್ಟು ಕಳಿಸಿದರು, ಇನ್ನೊಂದರಲ್ಲಿ ಅದೂ ಇಲ್ಲ. ಕೊನೆಗೆ ಪೆಟ್ಟಿಗೆ ಇಳಿಸಿದ ಮನೆಯ ಯಜಮಾನರನ್ನು ಹೇಗೆ ಒಪ್ಪಿಸಿದೆ ಎನ್ನುವುದು ನನಗೂ ಅವರಿಗೂ ಇರಲಿ.

ಉದ್ದನೆಯ ಪುಸ್ತಕಗಳು, ಅಂಚು ಗೆದ್ದಲು ತಿಂದು ದಂತುರ. ಒಬ್ಬೊಬ್ಬ ಗೇಣಿದಾರನಿಗೆ ಒಂದೊಂದು ಪುಟ, ತಲೆಯಲ್ಲಿ "ಇಂಥವನ ಮಗ ಇಂಥವನ ಬಾಬ್ತು" ಎಂದು ಬರೆದು ಕೆಳಗೆ ಭತ್ತದ ಖಂಡುಗ, ಕೊಳಗ, ಕೈಗಡದ ರೂಪಾಯಿ, ಆಣೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದರಿಂದ ಒಂದೇ ಹೆಸರು ಒಂದು ತಲೆ ಬಿಟ್ಟು ಮತ್ತೆ ಬರುತ್ತದೆ. ಯಾರು ಅಜ್ಜ, ಯಾರು ಮೊಮ್ಮಗ? ಬಿಡಿಸಿದ್ದು ಸಾಲ. ಗೇಣಿದಾರ ಸತ್ತರೂ ಬಾಕಿ ಸಾಯುವುದಿಲ್ಲ. ಮಾರನೆಯ ವರ್ಷದ ಪುಟದಲ್ಲಿ ಮಗನ ಹೆಸರಿನ ಕೆಳಗೆ ಮೊದಲ ಸಾಲೇ "ತಂದೆ ಬಾಬ್ತು ಬಾಕಿ", ಅದೇ ಮೊತ್ತ, ಆಣೆ ಪೈ ಕೂಡ ವ್ಯತ್ಯಾಸವಿಲ್ಲ. ನಮ್ಮ ಮುತ್ತಜ್ಜನ ಪುಟದಲ್ಲಿ ನಾಲ್ಕು ಖಂಡುಗದ ಚಿಲ್ಲರೆ ಬಾಕಿ ಹೀಗೆ ಅವನ ತಂದೆಯಿಂದ ಇಳಿದು ಬಂದಿದೆ. ಇದಕ್ಕಿಂತ ಗಟ್ಟಿಯಾದ ವಂಶಾವಳಿ ಪ್ರಮಾಣಪತ್ರವನ್ನು ಯಾವ ನಾಡಕಚೇರಿಯೂ ಕೊಡಲಾರದು. ಅಕ್ಕಪಕ್ಕದ ಪುಟಗಳ ಹೆಸರುಗಳು ದೊಡ್ಡಮ್ಮ ಹೇಳಿದ ಮನೆಗಳ ಸಾಲಿಗೆ ಬಹುಮಟ್ಟಿಗೆ ಹೊಂದಿದವು. ಹಾಗಾಗಿ ಬೇರೆ ಊರಿನ ಅದೇ ಹೆಸರಿನವನಿರಬಹುದೆಂಬ ಸಂಶಯವೂ ಹೋಯಿತು.

ಇಸವಿ ಎಲ್ಲೂ ಇಲ್ಲ, ಬರೀ ಸಂವತ್ಸರ. ಶೋಭಕೃತ್ ಎಂದರೆ 1903ರದೂ ಆಗಬಹುದು, 1843ರದೂ ಆಗಬಹುದು. ಹಲವರು ಕಾಗದದ ಬಣ್ಣ ನೋಡಿ ನಿರ್ಧರಿಸುತ್ತಾರೆ, ಅದು ನಂಬುವಂಥದ್ದಲ್ಲ. ನಾನು ಹಿಡಿದದ್ದು ಅಧಿಕ ಮಾಸ. ಅದು ಸುಮಾರಾಗಿ 19 ವರ್ಷಕ್ಕೊಮ್ಮೆ ಅದೇ ತಿಂಗಳಿಗೆ ಮರಳುತ್ತದೆ, ಸಂವತ್ಸರ 60ಕ್ಕೊಮ್ಮೆ. ಎರಡೂ ಕೂಡಿ ಬರುವುದಿಲ್ಲ. 2023ರ ಶೋಭಕೃತ್‌ನಲ್ಲಿ ಶ್ರಾವಣ ಅಧಿಕವಾಗಿತ್ತು, 1963ರ ಶೋಭಕೃತ್‌ನಲ್ಲಿ ಶ್ರಾವಣ ಅಧಿಕವಲ್ಲ. ಲೆಕ್ಕ ಬರೆದವರು ಅಧಿಕ ಮಾಸ ಬಂದಾಗ ತಪ್ಪದೆ ಬರೆದಿದ್ದಾರೆ. ಅಂಥ ನಮೂದುಗಳನ್ನು ಹಳೆಯ ಪಂಚಾಂಗದ ಕೋಷ್ಟಕಕ್ಕೆ ತಾಳೆ ಹಾಕಿದರೆ ಇಡೀ ಪುಸ್ತಕ ಜಾಗಕ್ಕೆ ಕೂರುತ್ತದೆ. ನಮ್ಮದು 1890ರ ದಶಕದಿಂದ ಶುರು.

ಪುಸ್ತಕದ ಮೋಡಿ ಅಕ್ಷರ, ಅಂದರೆ ಹಳೆಯ ಕೂಡುಬರಹ, ಓದಿಸಲು ಹಳೆಯ ಶಾನುಭೋಗರ ಮನೆಯ ಹಿರಿಯರೊಬ್ಬರಿಗೆ ಪುಟಕ್ಕೆ ನೂರರಂತೆ ಕೊಟ್ಟೆ, ಏಳೆಂಟು ಸಾವಿರವಾಯಿತು. ನಕಲು ಶುಲ್ಕ, ಬಸ್ಸು, ಊಟ, ಒಬ್ಬ ಮಧ್ಯವರ್ತಿ ನುಂಗಿದ ಎರಡು ಸಾವಿರ, ಡಿಎನ್‌ಎ ದಂಡ, ಎಲ್ಲ ಸೇರಿ ಮೂವತ್ತು ಸಾವಿರದ ಮೇಲಾಗಿರಬೇಕು. ಮನೆಯವಳ ಲೆಕ್ಕದಲ್ಲಿ ಐವತ್ತು. ಈಗ ಮತ್ತೆ ಮಾಡಿದರೆ ಹನ್ನೆರಡರಲ್ಲಿ ಮುಗಿಸುತ್ತೇನೆ.

ಹೆಂಗಸರ ಹೆಸರು ಈ ಯಾವ ಪುಸ್ತಕದಲ್ಲೂ ಇಲ್ಲ. ಸಾಲ ಗಂಡಸಿನ ಹೆಸರಿಗೆ, ಗೇಣಿಯೂ ಅವನ ಹೆಸರಿಗೆ. ಅಜ್ಜಿಯ ಅತ್ತೆಯ ಹೆಸರು ಸಿಕ್ಕಿದ್ದು ಅವರ ತವರಿನಲ್ಲಿ, ಅಲ್ಲಿನ ಮೊಮ್ಮಗಳಿಗೆ ಅದೇ ಹೆಸರು ಇಟ್ಟಿದ್ದರಿಂದ. ಅದಕ್ಕಿಂತ ಮೇಲಿನ ಇಬ್ಬರು ಅಜ್ಜಿಯರ ತವರೂರು ಕೂಡ ತಿಳಿದಿಲ್ಲ. ಒಂದು ಊರಿನ ಮೇಲೆ ಅನುಮಾನವಿದೆ, ಹೊಸನಗರ ತಾಲ್ಲೂಕಿನದು. ಅಲ್ಲಿನ ಒಡೆಯರ ಮನೆಯಲ್ಲೂ ಪೆಟ್ಟಿಗೆ ಇದೆಯಂತೆ. ಅಡಿಕೆ ಕೊಯ್ಲು ಮುಗಿದ ಮೇಲೆ ಹೋಗುತ್ತೇನೆ, ಅದಕ್ಕೆ ಮೊದಲು ಹೋದರೆ ಆ ಮನೆಯಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ.