ಮಗುವಿಗೆ ಪಿಯಾನೋ ಹಿಡಿಸಿದೆ, ಮನೆಯ ಕೀಬೋರ್ಡ್ ಸಾಲುತ್ತಿಲ್ಲ. ಈಗೇನು ಮಾಡೋದು?

ನಾವು ಮಗಳಿಗೆ ಮೊದಲು ಕೊಡಿಸಿದ್ದು 61 ಕೀಗಳ ಮಾಮೂಲಿ ಕೀಬೋರ್ಡ್. ಎರಡು ವರ್ಷ ಅದೇ ಸಾಕಾಯಿತು. ಆಮೇಲೆ ನೋಡಿದರೆ, ಮನೆಯಲ್ಲಿ ಸಲೀಸಾಗಿ ನುಡಿಸುತ್ತಿದ್ದ ಪಾಠವನ್ನೇ ಟೀಚರ್ ಮನೆಯ ಪಿಯಾನೋ ಮುಂದೆ ಕೂತಾಗ ತಡವರಿಸುತ್ತಿದ್ದಳು. ಪ್ರಾಕ್ಟೀಸ್ ಸಾಲದು ಅಂತ ಸುಮ್ನೆ ಅವಳನ್ನೇ ಬೈದೆ. ನಿಜವಾದ ಪಿಯಾನೋದಲ್ಲಿ ಕೀ ಒತ್ತಿದರೆ ಒಳಗೊಂದು ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ, ಆ ಭಾರ ಬೆರಳಿಗೆ ತಿಳಿಯುತ್ತದೆ. ನಮ್ಮ ಕೀಬೋರ್ಡಿನಲ್ಲಿ ಇದ್ದದ್ದು ಬರೀ ಸ್ಪ್ರಿಂಗು.

ಹಾಗಾಗಿ ಅಂಗಡಿಗೆ ಹೋದರೆ ನೂರಾರು ಟೋನ್, ತಾಳ, ಮಿಣಮಿಣ ದೀಪ ನೋಡಿ ಮರುಳಾಗಬೇಡಿ. 88 ಕೀ ಇರಬೇಕು, 'ಹ್ಯಾಮರ್ ಆಕ್ಷನ್' (ಕೀಗೆ ಆ ಸುತ್ತಿಗೆಯ ಭಾರ ಕೊಡುವ ವ್ಯವಸ್ಥೆ) ಅಂತ ಬರೆದಿರಬೇಕು. 'ಟಚ್ ಸೆನ್ಸಿಟಿವ್' ಅಂದರೆ ಅದಲ್ಲ. ಅದರಲ್ಲಿ ಜೋರಾಗಿ ಒತ್ತಿದರೆ ಜೋರು ಸದ್ದು ಬರುತ್ತದೆ, ಕೀಗೆ ಭಾರ ಬರುವುದಿಲ್ಲ. ಯಮಹಾ ಪಿ-145, ಕ್ಯಾಸಿಯೋ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಹ್ಯಾಮರ್ ಆಕ್ಷನ್ ಇರುವ ಡಿಜಿಟಲ್ ಪಿಯಾನೋಗಳು. ಕೊಳ್ಳುವ ಮುಂಚೆ ಟೀಚರನ್ನು ಒಂದು ಮಾತು ಕೇಳಿ, ಆದರೆ ಯಾರೂ ಹೇಳದೆಯೇ ಪ್ರಾಕ್ಟೀಸಿಗೆ ಹೋಗಿ ಕೂರುವ ಮಗು ಎಡಗೈಗೆ ಕೀ ಸಾಲುತ್ತಿಲ್ಲ, ಕಾಲಲ್ಲಿ ಒತ್ತುವ ಪೆಡಲ್ ಬೇಕು ಅಂತ ತಾನೇ ಹೇಳುತ್ತಿದ್ದರೆ ಹೊಸದು ಕೊಳ್ಳುವ ಕಾಲ ಬಂದಿದೆ ಅಂತಲೇ ಲೆಕ್ಕ.

ದುಡ್ಡಿನ ವಿಷಯ. ನಾವು ಒಂದು ವರ್ಷ ಹುಟ್ಟುಹಬ್ಬಕ್ಕೆ ಬಟ್ಟೆ, ಆಟಿಕೆ ಬೇಡ, ದುಡ್ಡೇ ಕೊಡಿ ಅಂತ ಅಜ್ಜಿ, ತಾತ, ಸೋದರಮಾವ ಎಲ್ಲರಿಗೂ ಸಂಕೋಚ ಬಿಟ್ಟು ಹೇಳಿದೆವು, ಬಂದ ದುಡ್ಡಿಗೆ ಚೀಟಿ ಎತ್ತಿದ್ದನ್ನು ಸೇರಿಸಿದೆವು, ಕೊನೆಗೆ ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪಿಯಾನೋ. ಪಿಯಾನೋ ಪರೀಕ್ಷೆಯ ಎರಡನೇ ಗ್ರೇಡ್ ಮುಗಿಸಿ ಮಕ್ಕಳು ಬಿಟ್ಟ ಮನೆಗಳಲ್ಲಿ, ವಿದೇಶಕ್ಕೆ ಹೊರಟವರ ಹತ್ತಿರ ಒಳ್ಳೊಳ್ಳೆಯವು ಸಿಗುತ್ತವೆ. ನೋಡಲು ಹೋದಾಗ ಎಡತುದಿಯಿಂದ 88 ಕೀಗಳನ್ನೂ ಒಂದೊಂದಾಗಿ, ಮೆಲ್ಲಗೆ, ಎಲ್ಲಕ್ಕೂ ಒಂದೇ ಬಲ ಹಾಕಿ ಒತ್ತಿ. ಯಾವುದಾದರೂ ಒಂದು ಕಿರುಚಿದರೆ ಅಥವಾ ಮೂಕವಾದರೆ ರಿಪೇರಿ ಖರ್ಚು ಇದೆ ಅಂತ ಅರ್ಥ. ಪೆಡಲ್, ಹೆಡ್‌ಫೋನ್, ಅಡಾಪ್ಟರ್ ಎಲ್ಲವನ್ನೂ ಅಲ್ಲೇ ಹಾಕಿ ನೋಡಿ.

ಯಾರೋ ಹಳೇ ಮರದ ಪಿಯಾನೋ ಪುಕ್ಕಟೆ ಕೊಡುತ್ತೇನೆ ಅಂದರೆ ಆಸೆ ಆಗುತ್ತದೆ, ಅಲ್ವಾ? ಅದರ ಭಾರ ಸುಮಾರು 200 ಕೆಜಿ, ತಂತಿ 230ರ ಆಸುಪಾಸು, ವರ್ಷಕ್ಕೆ ಒಂದೆರಡು ಸಲ ಟ್ಯೂನಿಂಗ್. ಮಳೆಗಾಲದ ತೇವಕ್ಕೆ ಶ್ರುತಿ ಕೆಡುತ್ತದೆ, ಮಂಗಳೂರು ಕಡೆಯವರಿಗಂತೂ ಕೇಳುವುದೇ ಬೇಡ. ಶ್ರುತಿ ಸರಿಮಾಡುವ ಟ್ಯೂನರನ್ನು ಕರೆದುಕೊಂಡು ಹೋಗದೆ ಒಪ್ಪಬೇಡಿ. ಗೆದ್ದಲನ್ನೂ ನೋಡಿ.

ಸ್ಟೂಲಿಗೆ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಹಾಂ, ಹೊಸದು ಮನೆಗೆ ಬರುವವರೆಗೆ ಹಳೇ ಕೀಬೋರ್ಡ್ ಮಾರಬೇಡಿ. ನಾವು ಅವಸರಪಟ್ಟು ಮಾರಿಬಿಟ್ಟೆವು, ಮಗಳು ಒಂದು ತಿಂಗಳು ಊಟದ ಟೇಬಲ್ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು.